ಮೇಸ್ತ್ರಿಯ ಕಾಲಿಗೆ ಕೂಸಿನ ಪೊರೆ

೧೯೭೬ರ ಬೇಸಿಗೆಯಲ್ಲಿ ನಾನು ಚಿತ್ತಾಪುರದ ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯಾಧಿಕಾರಿಯಾಗಿದ್ದೆ. ಅಧಿಕಾರಿ ಎಂದರೆ ಏನೋ ಭಾರಿಯಾಗಿ ಕೇಳಿಸುತ್ತದೆ. ನನ್ನ ಅಧಿಕಾರದ ಸೀಮೆಯೊಳಗೆ ಇದ್ದದ್ದು ಎರಡು ವಾರ್ಡು, ಒಂದು ಹೆರಿಗೆ ಕೋಣೆ, ಒಬ್ಬ ಕಾಂಪೌಂಡರು, ಮನಸ್ಸಿಗೆ ಬಂದಾಗ ಮಾತ್ರ ತಣ್ಣಗಾಗುವ ಒಂದು ಫ್ರಿಜ್ಜು ಮತ್ತು ಮಾರ್ಥಾ ಎಂಬ ಸ್ಟಾಫ್ ನರ್ಸ್. ಮಾರ್ಥಾ ಸಿಸ್ಟರ್ ನನ್ನ ಸೀಮೆಯೊಳಗಿದ್ದರೋ ನಾನು ಅವರ ಸೀಮೆಯೊಳಗಿದ್ದೆನೋ ಎಂಬುದು ನಾನು ವರ್ಗವಾಗಿ ಹೋಗುವವರೆಗೂ ಇತ್ಯರ್ಥವಾಗಲಿಲ್ಲ.

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ನಮ್ಮ ಹೊರರೋಗಿಗಳ ಜಗಲಿಗೆ ಒಂದು ಮೆರವಣಿಗೆ ಬಂತು. ಮುಂದೆ ನಾಲ್ವರ ಹೆಗಲ ಮೇಲೆ ಒಂದು ಹೊರಸು, ಅದರ ಮೇಲೆ ಬಿಳಿ ರುಮಾಲು ಸುತ್ತಿದ ದಪ್ಪ ಮೀಸೆಯ ಒಬ್ಬರು, ಹಿಂದೆ ಹತ್ತಿಪ್ಪತ್ತು ಜನ. ರೋಗಿಯ ಮುಖದಲ್ಲಿ ನೋವಿನ ಸುಳಿವೇ ಇರಲಿಲ್ಲ. ಮದುವೆಗೆ ಬಂದ ಹಿರಿಯರ ಹಾಗೆ ಆಚೀಚೆ ನೋಡಿ ನಮಸ್ಕಾರ ಸ್ವೀಕರಿಸುತ್ತಿದ್ದರು. ಆದರೆ ಹೊರಸಿನ ಜೊತೆಗೆ ಬಂದ ವಾಸನೆ, ಇವರ ಬಲಗಾಲಿನಲ್ಲಿ ಏನೋ ಕೊಳೆಯುತ್ತಿದೆ ಎಂದು ನನಗೆ ದೂರದಿಂದಲೇ ತಿಳಿಸಿತು.

ಅವರು ಶಹಾಬಾದಿನ ಸಿದ್ರಾಮಪ್ಪ ಮೇಸ್ತ್ರಿ. ಅಲ್ಲಿಯ ಖಣಿಗಳಲ್ಲಿ ನೆಲಕ್ಕೆ ಹಾಸುವ ಚಪ್ಪಡಿ ಕಲ್ಲು ತೆಗೆಯುತ್ತಾರೆ; ಊರವರು ಅದನ್ನು ಫರ್ಸಿ ಎನ್ನುತ್ತಾರೆ. ಮೇಸ್ತ್ರಿಯ ಕೆಲಸ ಫರ್ಸಿ ಆರಿಸುವುದು. ಅದಕ್ಕೆ ಅವರು ಕಣ್ಣನ್ನಾಗಲಿ ಅಳತೆಪಟ್ಟಿಯನ್ನಾಗಲಿ ನಂಬುತ್ತಿರಲಿಲ್ಲ. ಬರಿಗಾಲಲ್ಲಿ ಕಲ್ಲಿನ ಮೇಲೆ ನಿಂತು ಅಂಗಾಲನ್ನು ಒಮ್ಮೆ ಮೆಲ್ಲನೆ ಸವರಿದರೆ ಉಬ್ಬು, ತಗ್ಗು, ಒಳಗಿನ ಬಿರುಕು ಎಲ್ಲ ತಿಳಿಯುತ್ತಿತ್ತಂತೆ. ಮೂವತ್ತು ವರ್ಷ ಅವರ ಕಾಲು ಒಪ್ಪಿದ ಕಲ್ಲೇ ಹೈದರಾಬಾದಿನವರೆಗೂ ಹೋಗುತ್ತಿತ್ತು.

ಮೂರು ಬೇಸಿಗೆಗಳ ಹಿಂದೆ ಈ ಕಾಲಿಗೆ ಇನ್ನೊಂದು ಮಹಿಮೆ ಸೇರಿಕೊಂಡಿತು. ಮೇ ತಿಂಗಳ ನಡುಮಧ್ಯಾಹ್ನ ಕಾದು ಹೆಂಚಾದ ಫರ್ಸಿಯ ಮೇಲೆ ಉಳಿದವರು ಚಪ್ಪಲಿ ಮೆಟ್ಟಿಯೂ ಕುಣಿದಾಡುತ್ತಿದ್ದರೆ, ಸಿದ್ರಾಮಪ್ಪ ಬರಿಗಾಲಲ್ಲಿ ನಿಂತು ಸಾವಕಾಶವಾಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಸುಡುವುದೇ ಇಲ್ಲ! ಖಣಿಯ ಜನ ಮೊದಲು ಬೆರಗಾದರು, ಆಮೇಲೆ ಕೈಮುಗಿದರು. ಮೂವತ್ತು ವರ್ಷ ಕಲ್ಲಿನ ಸೇವೆ ಮಾಡಿದ ಮನುಷ್ಯನಿಗೆ ಕಲ್ಲೇ ಒಲಿದಿದೆ ಎಂದು ತೀರ್ಮಾನವಾಯಿತು. ಅದೇ ಕಾಲದಲ್ಲಿ ಅವರು ಆರಿಸಿ ಕಳಿಸಿದ ಕಲ್ಲು ಹಾಸಿದ ಮನೆಗಳಲ್ಲಿ ಮಂಚ ಅಲುಗಾಡುತ್ತದೆ, ನೀರು ಮೂಲೆಯಲ್ಲಿ ನಿಲ್ಲುತ್ತದೆ ಎಂಬ ದೂರುಗಳು ಬರತೊಡಗಿದ್ದವು. ಅದಕ್ಕೆ ಕಲ್ಲು ಹಾಸಿದವರನ್ನು ಬೈಯಲಾಯಿತು. ಎರಡನ್ನೂ ಕೂಡಿಸಿ ನೋಡುವ ಧೈರ್ಯ ಯಾರಿಗೂ ಇರಲಿಲ್ಲ.

“ಸಾಹೇಬ್ರ, ಇವ್ರು ಅಂಥಿಂಥ ಮಂದಿ ಅಲ್ರಿ. ಇವ್ರ ಕಾಲಿಗಿ ಬೆಂಕಿ ತಾಕಂಗಿಲ್ಲ,” ಎಂದು ಹೊರಸು ಹೊತ್ತವನೊಬ್ಬ ನನಗೆ ತಿಳಿವಳಿಕೆ ಹೇಳಿದ.

“ತಾಕಿದೆಯಲ್ಲಪ್ಪ,” ಎಂದೆ. ಅಂಗಾಲಿನ ಮುಂಭಾಗದಲ್ಲಿ ಅಂಗೈ ಅಗಲ ಸುಟ್ಟು, ಗುಳ್ಳೆ ಒಡೆದು, ಕೀವು ತುಂಬಿ ಕಪ್ಪಾಗಿತ್ತು.

“ತಾಕ್ಯಾದ್ರಿ. ಆದ್ರ ಅವ್ರಿಗಿ ಗೊತ್ತೇ ಆಗಿಲ್ಲ. ಅದೇ ಸಿದ್ಧಿ ನೋಡ್ರಿ!”

ಮೆರವಣಿಗೆಯ ಕೊನೆಯಲ್ಲಿ ಗಂಟು ಹಿಡಿದು ನಿಂತಿದ್ದ ಹೆಂಗಸು ಮುಂದೆ ಬಂದರು. ಮೇಸ್ತ್ರಿಯ ಹೆಂಡತಿ ಕಾಶಿಬಾಯಿ. ಚಿತ್ತಾಪುರ ಅವರ ತವರು. ಶಹಾಬಾದು ಬಿಟ್ಟು ಇಲ್ಲಿಗೆ ಹೊರಸು ಬಂದದ್ದು ಅವರ ಹಟದಿಂದ. “ಸಿದ್ಧಿನೂ ಇಲ್ಲ, ಸುಡುಗಾಡೂ ಇಲ್ರಿ ಸಾಹೇಬ್ರ. ಕೊಡಗಟ್ಲೆ ನೀರ್ ಕುಡಿತಾರ, ಗಳಿಗಿಗೊಮ್ಮಿ ಚರಗಿ ಹಿಡ್ಕೊಂಡು ಓಡ್ತಾರ. ಒಂದಕ್ಕ ಕುಂತಲ್ಲಿ ಇರಿವಿ ಮುಕರ್ತಾವ. ಸಿದ್ಧಿ ಆದೋರು ಹಿಂಗ ಚರಗಿ ಹಿಡ್ಕೊಂಡು ಓಡ್ತಾರೇನ್ರಿ?”

ಇಷ್ಟು ಒಳ್ಳೆಯ ರೋಗಚರಿತ್ರೆಯನ್ನು ನನಗೆ ಯಾರೂ ಇಷ್ಟು ಕಡಿಮೆ ಮಾತಿನಲ್ಲಿ ಹೇಳಿರಲಿಲ್ಲ. ಆಗ ರಕ್ತದ ಸಕ್ಕರೆ ನೋಡುವ ಯಂತ್ರ ನಮ್ಮಲ್ಲಿರಲಿಲ್ಲ. ನೀಲಿ ಬಣ್ಣದ ಬೆನೆಡಿಕ್ಟ್ ದ್ರಾವಣಕ್ಕೆ ಎಂಟು ಹನಿ ಮೂತ್ರ ಹಾಕಿ ಕಾಯಿಸುವುದು. ಸಕ್ಕರೆ ಹೆಚ್ಚಿದಷ್ಟೂ ಬಣ್ಣ ಹಸಿರು, ಹಳದಿ, ಕಿತ್ತಳೆಯತ್ತ ತಿರುಗುತ್ತದೆ. ಮೇಸ್ತ್ರಿಯವರದು ಇವನ್ನೆಲ್ಲ ದಾಟಿ ನೇರವಾಗಿ ಇಟ್ಟಿಗೆ ಬಣ್ಣಕ್ಕೆ ಬಂತು. ಅದಕ್ಕಿಂತ ಮುಂದೆ ಬಣ್ಣವಿಲ್ಲ.

ಮಧುಮೇಹ ಹಳೆಯದಾದರೆ ಕಾಲಿನ ನರಗಳು ಸಾಯುತ್ತವೆ. ಡಾಕ್ಟರರು ಅದನ್ನು ನ್ಯೂರೋಪತಿ ಎನ್ನುತ್ತಾರೆ. ಖಣಿಯವರು ಸಿದ್ಧಿ ಎಂದಿದ್ದರು. ಸುಟ್ಟದ್ದು ತಿಳಿಯುವುದಿಲ್ಲ, ಚುಚ್ಚಿದ್ದು ತಿಳಿಯುವುದಿಲ್ಲ. ಗಾಯದ ಮೇಲೆಯೇ ನಡೆಯುತ್ತಾರೆ, ಗಾಯ ಮಾಯುವುದಿಲ್ಲ. ಸತ್ತ ಮಾಂಸವನ್ನು ನಾನು ಅರಿವಳಿಕೆಯಿಲ್ಲದೆ ಕತ್ತರಿಸಿ ತೆಗೆಯುವಾಗ ಮೇಸ್ತ್ರಿ ಮೊಣಕೈಯೂರಿ ಎದ್ದು, “ನೋಡ್ರಿ ಸಾಹೇಬ್ರ, ಚೂರೂ ನೋವಿಲ್ಲ!” ಎಂದು ಬೀಗಿದರು. ನೋವಾಗಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಇನ್ಸುಲಿನ್ ಶುರುಮಾಡಿ, ಗುಲ್ಬರ್ಗಾದಲ್ಲಿದ್ದ ಸರ್ಜನ್ ಒಬ್ಬರ ಹತ್ತಿರ ಕಳಿಸಿದೆ. ಅವರು ಮೊಣಕಾಲಿನ ಕೆಳಗೆ ಕಾಲು ತೆಗೆಯುವುದೇ ಒಳ್ಳೆಯದೆಂದರು. ಮೇಸ್ತ್ರಿ ಮರಳಿ ಬಂದು ಹಾಸಿಗೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದರು. ಗೋಡೆಗೇ ಹೇಳುವವರಂತೆ, “ಒಂದ ಕಾಲಿಲೆ ನಿಂತು ಫರ್ಸಿ ಹ್ಯಾಂಗ ನೋಡ್ಲಿರಿ? ಕೊಕ್ಕರಿ ಆಗ್ಲೇನ್ರಿ ನಾ?” ಎಂದರು. ಅದು ಹಾಸ್ಯವೋ ಅಳುವೋ ಗೊತ್ತಾಗಲಿಲ್ಲ. ಎರಡೂ ಇರಬೇಕು.

ನಾನು ಸರ್ಜನ್ನರಿಗೆ ಫೋನು ಹಚ್ಚಿದೆ. ಪಾದದ ನಾಡಿ ಕೈಗೆ ಸಿಗುತ್ತಿದೆ, ಎಕ್ಸ್‌ರೇಯಲ್ಲಿ ಎಲುಬು ಕೆಟ್ಟಿಲ್ಲ, ಒಂದು ತಿಂಗಳು ಕೊಡಿ ಎಂದು ಬೇಡಿಕೊಂಡೆ. “ಒಂದು ತಿಂಗಳು. ಜ್ವರ ಏರಿದರೆ ಅಷ್ಟೂ ಇಲ್ಲ,” ಎಂದು ಫೋನಿಟ್ಟರು.

ಗಾಯ ಕೆಲವೇ ದಿನಗಳಲ್ಲಿ ಶುದ್ಧವಾಯಿತು. ಆದರೆ ಅಲ್ಲಿಗೇ ನಿಂತುಬಿಟ್ಟಿತು. ಆಗಿನ ಡ್ರೆಸಿಂಗ್ ಎಂದರೆ ಔಷಧದಲ್ಲಿ ಅದ್ದಿದ ಗಾಜ್ ಬಟ್ಟೆ. ಅದು ಒಣಗಿ ಗಾಯಕ್ಕೆ ಅಂಟುತ್ತಿತ್ತು. ಮರುದಿನ ಅದನ್ನು ಬಿಚ್ಚುವಾಗ ಗಾಯದ ಅಂಚಿನಲ್ಲಿ ಆಗಷ್ಟೇ ಹುಟ್ಟಿದ ಎಳೆಯ ಚರ್ಮವೂ ಕಿತ್ತು ಬರುತ್ತಿತ್ತು. ಪ್ರಕೃತಿ ನೇಯ್ದದ್ದನ್ನು ನಾವು ದಿನವೂ ಶಾಸ್ತ್ರೋಕ್ತವಾಗಿ ಬಿಚ್ಚುತ್ತಿದ್ದೆವು.

ನಾನು ಕಾಲೇಜಿನಲ್ಲಿದ್ದಾಗ ಸುಟ್ಟಗಾಯದ ವಾರ್ಡಿನಲ್ಲಿ ಹಳೆಯ ಪ್ರೊಫೆಸರರೊಬ್ಬರು ಬೇರೊಂದು ಹೊದಿಕೆ ಬಳಸುತ್ತಿದ್ದರು. ಗರ್ಭದಲ್ಲಿ ಕೂಸನ್ನು ಸುತ್ತಿರುವ ನೀರಿನ ಚೀಲದ ಒಳಪದರ, ಆಮ್ನಿಯಾನ್. ಹೆರಿಗೆಯಾದ ಮೇಲೆ ಮಾಸಿನ ಜೊತೆಗೆ ಹೊರಬರುತ್ತದೆ. ಉಳ್ಳಾಗಡ್ಡಿಯ ಪದರಗಳ ನಡುವಿನ ಪೊರೆಯಷ್ಟು ತೆಳ್ಳಗೆ. ಗಾಯದ ಮೇಲೆ ಹಾಸಿದರೆ ಹಸಿಯಾಗಿಡುತ್ತದೆ, ಕೀಟಾಣು ತಡೆಯುತ್ತದೆ, ತೆಗೆಯುವಾಗ ಎಳೆ ಚರ್ಮವನ್ನು ಕೀಳುವುದಿಲ್ಲ. ಈಗ ಇಂಥವಕ್ಕೆಲ್ಲ ಬಯೋಮೆಟೀರಿಯಲ್ ಡ್ರೆಸಿಂಗ್ ಎಂಬ ದೊಡ್ಡ ಹೆಸರಿದೆ. ಬೆಳ್ಳಿ ಬಣ್ಣದ ಲಕೋಟೆಯಲ್ಲಿ ಬರುತ್ತವೆ. ಆಗ ಅದು ಬರುತ್ತಿದ್ದದ್ದು ಒಂದೇ ಕಡೆಯಿಂದ, ಪಕ್ಕದ ಹೆರಿಗೆ ಕೋಣೆಯಿಂದ.

ವಿಷಯವನ್ನು ಮೇಸ್ತ್ರಿಗೆ ವಿವರವಾಗಿ ಹೇಳಿದೆ. ಅವರು ಕಾಲನ್ನು ಹಿಂದಕ್ಕೆಳೆದುಕೊಂಡರು. “ಹೆರಿಗಿ ಮಾಸಿಂದು ನನ್ನ ಕಾಲಿಗೇನ್ರಿ? ಖಣ್ಯಾಗ ಮಂದಿ ಏನಂತಾರ?”

“ಕಾಲ್ ಕಡದ್ರ ಏನಂತಾರ?” ಎಂದರು ಕಾಶಿಬಾಯಿ. “ಸುಮ್ಕ್ ಇರ್ರಿ. ಸಾಹೇಬ್ರ, ನೀವ್ ಹಚ್ರಿ.”

ಹಚ್ಚುವುದಕ್ಕೆ ಮೊದಲು ಸಿಗಬೇಕಲ್ಲ. ಆ ಸೀಮೆಯಲ್ಲಿ ಮಾಸನ್ನು ಯಾರೂ ಆಸ್ಪತ್ರೆಯಲ್ಲಿ ಬಿಟ್ಟು ಹೋಗುವುದಿಲ್ಲ. ಕೂಸಿನ ಜೊತೆಗೇ ಹುಟ್ಟಿದ್ದು. ಗಡಿಗೆಯಲ್ಲಿಟ್ಟು ಮನೆಗೆ ಒಯ್ದು, ಹಿತ್ತಲಲ್ಲಿ ಬಚ್ಚಲ ಪಕ್ಕ ಹೂಳುತ್ತಾರೆ. ಪರರ ಕೈಗೆ ಸಿಕ್ಕರೆ ಕೂಸಿಗೆ ಕೇಡು, ತಾಯಿಯ ಹಾಲು ಬತ್ತುತ್ತದೆ ಎಂಬ ಭಯ. ಆ ವಾರ ಹೆರಿಗೆಯಾದ ಎರಡು ಮನೆಯವರನ್ನು ಕೇಳಿದೆ. ಒಬ್ಬರು ನಕ್ಕರು, ಇನ್ನೊಬ್ಬರು ಗಡಿಗೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟೇಹೋದರು. ಮಾರ್ಥಾ ಸಿಸ್ಟರ್, “ಕೇಳದೆ ತೆಗೆದರೆ ನಾನಿಲ್ಲ,” ಎಂದರು. ಕೇಳದೆ ತೆಗೆಯುವ ವಿಚಾರ ನನಗೂ ಇರಲಿಲ್ಲ. ಆದರೆ ತಿಂಗಳು ಕರಗುತ್ತಿತ್ತು.

ಹೆರಿಗೆ ಕೋಣೆಯ ಆಚೆ, ಹೆಂಗಸರ ವಾರ್ಡಿನ ಮಂಚದಲ್ಲಿ ರೇಣುಕಾ ಎಂಬ ಹುಡುಗಿ ಇದ್ದಳು. ಚೊಚ್ಚಲು, ಕಾಲು ಬಾತಿದ್ದರಿಂದ ಮೊದಲೇ ಸೇರಿಸಿಕೊಂಡಿದ್ದೆ. ಪಕ್ಕದಲ್ಲಿ ಅವಳ ತಾಯಿ ನೀಲಮ್ಮ, ಅದೇ ಊರಿನ ಎತ್ತರದ ಗಟ್ಟಿ ಹೆಂಗಸು. ಅವರ ಮುಂದೆ ಕುರ್ಚಿ ಹಾಕಿಕೊಂಡು ನಾನು ಆಮ್ನಿಯಾನಿನ ಗುಣಧರ್ಮಗಳ ಮೇಲೆ ಒಂದು ಭಾಷಣ ಮಾಡಿದೆ. ಕಾಗದದ ಮೇಲೆ ಚಿತ್ರವನ್ನೂ ಬರೆದು ತೋರಿಸಿದೆ. ನೀಲಮ್ಮ ಪೂರ್ತಿ ಕೇಳಿಸಿಕೊಂಡರು.

“ನೀವ್ ಭಾಳ ಓದೀರಿ ಸಾಹೇಬ್ರ, ಛಲೋ ಹೇಳ್ತೀರಿ. ಆದ್ರ ಅದು ನಮ್ಮ ಮನ್ಯಾಂದು. ಹೊರಗಿನೋರಿಗಿ ಕೊಡಂಗಿಲ್ಲ.”

ನನ್ನ ಭಾಷಣ ಅಲ್ಲಿಗೆ ಮುಗಿಯಿತು. ಚಿತ್ರವನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

ಇದನ್ನೆಲ್ಲ ಕಾಶಿಬಾಯಿ ಬಾಗಿಲ ಬಳಿ ನಿಂತು ಕೇಳಿದ್ದರು. ಮರುದಿನ ತವರಿನಿಂದ ಒಂದು ತಾಟು ತಂದರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಎಲೆ ಅಡಿಕೆ, ಅರಿಶಿನ ಬೇರು, ಹಸಿರು ಕುಪ್ಪಸದ ಖಣ. ನನ್ನ ಕಡೆ ತಿರುಗಿಯೂ ನೋಡದೆ ಸೀದಾ ರೇಣುಕಾಳ ಮಂಚದ ಹತ್ತಿರ ಹೋಗಿ, ಅವಳನ್ನು ಮೂಡಣಕ್ಕೆ ಮುಖ ಮಾಡಿ ಕೂಡಿಸಿ, ಕುಂಕುಮ ಹಚ್ಚಿ, ಸೆರಗಿನಲ್ಲಿ ಉಡಿ ತುಂಬಿದರು. ಬಸುರಿಗೆ ಉಡಿ ತುಂಬಲು ಬಂದವರನ್ನು ಬೇಡ ಎನ್ನುವವರು ಆ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ನೀಲಮ್ಮನೂ ಎದ್ದು ನಿಂತು ಸೆರಗು ಹೊದ್ದರು.

ಉಡಿ ತುಂಬಿ ಮುಗಿದ ಮೇಲೆ ಕಾಶಿಬಾಯಿ ನಿಧಾನವಾಗಿ ಕುಳಿತರು. “ಯಕ್ಕಾ, ಉಡಿ ತುಂಬೀನಿ. ಇನ್ನ ಇಕಿ ನನಗೂ ಮಗಳು. ಹೌದಿಲ್ಲ?”

“ಹೌದವ್ವ,” ಎಂದರು ನೀಲಮ್ಮ, ಸ್ವಲ್ಪ ಅನುಮಾನದಿಂದ.

“ಮಗಳ ಹೆರಿಗಿ ಅಂದ್ರ ನನ್ನ ಮನಿ ಹೆರಿಗಿ. ನನ್ನ ಮನಿಯವ್ರ ಕಾಲಿಗಿ ಹಚ್ಚಿದ್ರ, ಅದು ಹೊರಗ ಹ್ಯಾಂಗ ಹೋದಂಗಾತು?”

ನಾನು ಕಾನೂನು ಓದಿದವನಲ್ಲ. ಆದರೆ ಅಂಥ ವಾದವನ್ನು ಮುಂದೆ ಎಷ್ಟೋ ವರ್ಷ ಕೋರ್ಟಿನಲ್ಲಿ ಸಾಕ್ಷಿ ಹೇಳಲು ಹೋದಾಗಲೂ ಕೇಳಲಿಲ್ಲ. ನೀಲಮ್ಮ ಉಡಿಯ ಕಡೆ ನೋಡಿದರು. ಮಗಳ ಮುಖ ನೋಡಿದರು. ರೇಣುಕಾ, “ಕೊಡೂಣು ಬಿಡವ್ವ. ಪಾಪ, ಕಾಲ್ ಹೊಂಟದ,” ಎಂದಳು.

“ತಡಿ,” ಎಂದರು ನೀಲಮ್ಮ. “ಹಚ್ಚಿದ್ದು ತಗದ ಮ್ಯಾಲ? ಸಾಹೇಬ್ರು ಕಸದಾಗ ಒಗಿತಾರೇನು?”

ಬಳಸಿದ ಪಟ್ಟಿಗಳನ್ನು ನಾವು ಸುಡುತ್ತಿದ್ದೆವು. ಹಾಗೆಂದು ಹೇಳುವಷ್ಟು ದಡ್ಡತನವನ್ನು ಆ ದಿನ ನಾನು ಮಾಡಲಿಲ್ಲ. ಮಾತುಕತೆ ನಡೆದು ಕರಾರು ಹೀಗಾಯಿತು: ಮಾಸಿನ ಮುದ್ದೆ ಗಡಿಗೆಯಲ್ಲಿ ಮನೆಗೆ ಹೋಗತಕ್ಕದ್ದು, ಪೊರೆ ಮಾತ್ರ ಮೇಸ್ತ್ರಿಯ ಕಾಲಿಗೆ, ಕಾಲಿನಿಂದ ತೆಗೆದ ಪ್ರತಿ ತುಂಡೂ ನೀಲಮ್ಮನ ವಶಕ್ಕೆ ಬಂದು, ಗಡಿಗೆ ಹೂಳಿದ ಜಾಗದ ಪಕ್ಕದಲ್ಲೇ ಮಣ್ಣು ಸೇರತಕ್ಕದ್ದು. ಆಳವಾಗಿ ತೋಡಬೇಕು, ಮೇಲೆ ಬ್ಲೀಚಿಂಗ್ ಪೌಡರ್ ಸುರಿಯಬೇಕು ಎಂಬುದು ನನ್ನ ಒಂದೇ ಷರತ್ತು. ಆ ಬಿಳಿ ಪುಡಿಯನ್ನು ನೀಲಮ್ಮ ನನ್ನ ಕಡೆಯ ಶಾಸ್ತ್ರವೆಂದು ಭಾವಿಸಿ ಗೌರವದಿಂದ ಒಪ್ಪಿದರು.

ರೇಣುಕಾಳಿಗೆ ಗಂಡುಕೂಸು ಹುಟ್ಟಿತು. ಅವಳ ರಕ್ತಪರೀಕ್ಷೆ ಮೊದಲೇ ಮಾಡಿಸಿ ದೋಷವಿಲ್ಲವೆಂದು ಖಚಿತ ಮಾಡಿಕೊಂಡಿದ್ದೆ. ಈಗಾದರೆ ಇನ್ನೂ ಹಲವು ಪರೀಕ್ಷೆಗಳಿಲ್ಲದೆ ಯಾರೂ ಇದನ್ನು ಮಾಡಬಾರದು. ನಾನೂ ಮಾರ್ಥಾ ಸಿಸ್ಟರೂ ಪೊರೆಯನ್ನು ಬಿಡಿಸಿ, ಸಲೈನಿನಲ್ಲಿ ತೊಳೆತೊಳೆದು, ಪೆನಿಸಿಲಿನ್ ಬೆರೆಸಿದ ಸಲೈನಿನ ಜಾಡಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟೆವು. ಫ್ರಿಜ್ಜು ಸಂದರ್ಭದ ಗಾಂಭೀರ್ಯ ಅರಿತು ಆ ತಿಂಗಳು ಮುಗಿಯುವವರೆಗೂ ತಣ್ಣಗಿತ್ತು. ಅದರಿಂದ ಒಂದು ತುಂಡು ಕತ್ತರಿಸಿ ಮೇಸ್ತ್ರಿಯ ಅಂಗಾಲಿಗೆ ಹಾಸಿದಾಗ ಅದು ಗಾಯದ ತಗ್ಗುದಿಣ್ಣೆಗಳಿಗೆಲ್ಲ ತಾನಾಗಿ ಕೂತುಕೊಂಡಿತು. ಮೇಸ್ತ್ರಿ ಕಣ್ಣು ಮುಚ್ಚಿಕೊಂಡಿದ್ದರು.

ಇಲ್ಲಿಗೆ ನನ್ನ ಕೆಲಸ ಮುಗಿಯಿತೆಂದುಕೊಂಡೆ. ನೀಲಮ್ಮನ ಕೆಲಸ ಶುರುವಾಯಿತು. ಪಟ್ಟಿ ಬದಲಿಸುವ ದಿನ ಅವರು ಎನಾಮಲ್ ಬಟ್ಟಲು ಹಿಡಿದು ಹಾಜರಾಗುತ್ತಿದ್ದರು. ತೆಗೆದದ್ದನ್ನು ವಶಕ್ಕೆ ಪಡೆಯುವ ಮೊದಲು ಗಾಯವನ್ನು ಬಗ್ಗಿ ನೋಡುತ್ತಿದ್ದರು. ಎರಡನೆಯ ಸಲ ಪಟ್ಟಿ ಬಿಚ್ಚಿದಾಗ ಪೊರೆ ಹರಿದಿತ್ತು. ಕೆಳಗೆ ರಕ್ತ ಜಿನುಗಿತ್ತು. ನಾನು ಗಾಬರಿಯಾಗಿ ಜ್ವರ ನೋಡಿದೆ. ತುಸು ಏರಿತ್ತು. ಸರ್ಜನ್ನರ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು.

“ಏನ್ ಮಾಡಿದಿ?” ಎಂದು ನೀಲಮ್ಮ ಮೇಸ್ತ್ರಿಯನ್ನು ನೇರವಾಗಿ ಕೇಳಿದರು.

“ಏನಿಲ್ಲಕ್ಕ. ಖಣಿ ಮಂದಿ ಭೆಟ್ಟಿಗಿ ಬಂದಿದ್ರು. ಜರಾ ಕಿಡಕಿ ತನಾ ಹೋಗಿ ನಿಂತಿದ್ದೆ.”

“ನಿಂತಿದ್ದೆ? ನಮ್ಮ ಕೂಸಿನ ತೊಗಲು ನಿನ್ನ ಕಾಲಾಗ ಅದ, ಅದ್ರ ಮ್ಯಾಲ ನಿಂತಿಯಾ? ನಾಚಿಕಿ ಬರಂಗಿಲ್ಲ? ನಿನಗ ನೋವಾಗಂಗಿಲ್ಲ ಅಂತ ಅದಕ್ಕೂ ನೋವಾಗಂಗಿಲ್ಲೇನು?”

ಮೂರು ಬೇಸಿಗೆ ಕೈಮುಗಿಸಿಕೊಂಡ ಮನುಷ್ಯನನ್ನು ಹೀಗೆ ಏಕವಚನದಲ್ಲಿ ಯಾರೂ ಬೈದಿರಲಾರರು. ಕಾಲೂರಬೇಡಿ ಎಂದು ನಾನು ದಿನವೂ ಹೇಳುತ್ತಿದ್ದೆ. ನೋಯದ ಕಾಲನ್ನು ಯಾಕೆ ಎತ್ತಿಡಬೇಕೆಂದು ಅವರಿಗೆ ಎಂದೂ ಅರ್ಥವಾಗಿರಲಿಲ್ಲ. ತನ್ನ ಕಾಲಿಗೆ ನೋವಿಲ್ಲ, ಸರಿ, ಕೂಸಿನದಕ್ಕೆ? ಮೇಸ್ತ್ರಿ ಕಾಲನ್ನು ಎರಡೂ ಕೈಯಲ್ಲಿ ಎತ್ತಿ, ಮೊಟ್ಟೆಯನ್ನು ಎತ್ತಿಡುವಷ್ಟು ಜೋಪಾನವಾಗಿ ದಿಂಬಿನ ಮೇಲೆ ಇಟ್ಟುಕೊಂಡರು. “ತಪ್ಪಾತಕ್ಕ,” ಎಂದರು. ಅಂದಿನಿಂದ ಅವರು ಹಾಸಿಗೆ ಬಿಟ್ಟಿಳಿಯಲಿಲ್ಲ. ಭಕ್ತರು ಬಂದರೆ ಕಾಶಿಬಾಯಿ ಜಗಲಿಯಿಂದಲೇ ಬೀಳ್ಕೊಡುತ್ತಿದ್ದರು.

ಎರಡು ದಿನ ನಾನು ನೆಪ ಮಾಡಿಕೊಂಡು ಆ ಮಂಚದ ಸುತ್ತ ಸುಳಿದಾಡಿದೆ. ಜ್ವರ ಇಳಿಯಿತು. ಮುಂದಿನ ಪಟ್ಟಿ ಬಿಚ್ಚಿದಾಗ ಪೊರೆ ಇಡಿಯಾಗಿತ್ತು. ಗಾಯದ ಸುತ್ತ, ಗುಲಾಬಿ ಬಣ್ಣದ ಸಣ್ಣ ಅಂಚು ಒಳಕ್ಕೆ ಸರಿದಿತ್ತು. ಮಾರ್ಥಾ ಸಿಸ್ಟರ್ ಭೂತಗನ್ನಡಿ ಹಿಡಿದು ನೋಡಿ ಏನೂ ಮಾತಾಡದೆ ನನಗೆ ಕೊಟ್ಟರು. ಅವರು ಮಾತಾಡದಿದ್ದರೆ ಒಪ್ಪಿದ್ದಾರೆಂದು ಅರ್ಥ. ಅಂದು ನಾನು ಊಟಕ್ಕೆ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ತಿಂಗಳ ಕೊನೆಗೆ ಗುಲ್ಬರ್ಗಾಕ್ಕೆ ಕರೆದುಕೊಂಡು ಹೋದೆ. ಗಾಯ ನಾಲ್ಕರಲ್ಲೊಂದು ಪಾಲಿಗೆ ಇಳಿದಿತ್ತು. ಸರ್ಜನ್ ಪಾದವನ್ನು ತಿರುಗಿಸಿ ತಿರುಗಿಸಿ ನೋಡಿದರು. “ಕಡಿಯುವುದಕ್ಕೆ ಏನೂ ಉಳಿಸಿಲ್ಲವಲ್ಲ ನೀವು,” ಎಂದು ನನ್ನನ್ನು ಆಕ್ಷೇಪಿಸುವವರಂತೆ ಹೇಳಿ ಕೈತೊಳೆಯಲು ಎದ್ದರು. ಹೊರಗೆ ಬೆಂಚಿನ ಮೇಲೆ ಕಾಶಿಬಾಯಿ ಕುಳಿತಿದ್ದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಮುಖ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಹೇಳಿದ ಮೊದಲ ಮಾತು, “ನೀಲಮ್ಮಕ್ಕಗ ಜಲ್ದಿ ಹೇಳ್ಬೇಕ್ರಿ,” ಎಂದು.

ಮಳೆಗಾಲ ನಡುವಿಗೆ ಬರುವ ಹೊತ್ತಿಗೆ ಗಾಯ ಪೂರ್ತಿ ಮುಚ್ಚಿತು. ಕಾಲು ಉಳಿಯಿತು. ಆದರೆ ಸತ್ತ ನರ ಮರಳಿ ಹುಟ್ಟಲಿಲ್ಲ. ಅರಿವಿಲ್ಲದ ಆ ಅಂಗಾಲು ಹಾಗೆಯೇ ಉಳಿಯಿತು. ಇನ್ನು ಮುಂದೆ ಮನೆಯೊಳಗೂ ಬರಿಗಾಲಲ್ಲಿ ಹೆಜ್ಜೆ ಇಡಕೂಡದು, ದಿನಾ ಬೆಳಿಗ್ಗೆ ಹೆಂಡತಿ ಅಂಗಾಲು ನೋಡಬೇಕು ಎಂದು ಕಟ್ಟಪ್ಪಣೆ ಮಾಡಿದೆ. ಮೆತ್ತನೆಯ ರಬ್ಬರು ಹಾಕಿಸಿ ಚಪ್ಪಲಿ ಹೊಲಿಸಿದೆವು. ಖಣಿಯಲ್ಲಿ ಫರ್ಸಿಯನ್ನು ಮೇಸ್ತ್ರಿ ಅಂದಿನಿಂದ ಕೈಯಿಂದ ಸವರಿ ಆರಿಸತೊಡಗಿದರು. ದೂರುಗಳು ನಿಂತವಂತೆ.

ಕೂಸಿಗೆ ಹೆಸರಿಡುವುದನ್ನು ನೀಲಮ್ಮ ಮೇಸ್ತ್ರಿಯ ಸಲುವಾಗಿಯೇ ತಡಮಾಡಿದ್ದರು. ನನ್ನನ್ನೂ ಕರೆದಿದ್ದರು. ಹೊಸ್ತಿಲ ಹೊರಗೆ ಎಲ್ಲರೂ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದರು. ಮೇಸ್ತ್ರಿ ಬಂದು ಹೊಸ್ತಿಲ ಮುಂದೆ ನಿಂತರು. ನನ್ನ ಮುಖ ನೋಡಿದರು, ಒಳಗಿನ ದೇವರ ಜಗಲಿಯನ್ನು ನೋಡಿದರು, ಚಪ್ಪಲಿ ಬಿಡಲು ಬಗ್ಗಿದರು. ಒಬ್ಬ ಹಿರಿಯರು, “ಹೂಂ, ಬಿಡ್ರಿ, ಬಿಟ್ಟು ಬರ್ರಿ ಒಳಗ,” ಎಂದರು. ನಾನು ಬಾಯಿ ತೆರೆದೆ.

ನೀಲಮ್ಮನ ದನಿ ನನ್ನದಕ್ಕಿಂತ ಮೊದಲು ಬಂತು. “ಏ, ಬಿಡಬ್ಯಾಡ! ಆ ಕಾಲು ನಮ್ಮ ಮನ್ಯಾಂದು. ಚಪ್ಪಲಿ ಹಾಕ್ಕೊಂಡೇ ಬರ್ಲಿ. ಯಾರಿಗಿ ಕಸಿವಿಸಿ ಆಗ್ತದ, ಅವ್ರು ಹೊರಗ ಕುಂದ್ರಲಿ.”

ಯಾರೂ ಹೊರಗೆ ಕುಳಿತುಕೊಳ್ಳಲಿಲ್ಲ. ಸಿದ್ರಾಮಪ್ಪ ಮೇಸ್ತ್ರಿ ಚಪ್ಪಲಿ ಮೆಟ್ಟಿಕೊಂಡು, ತಲೆ ಬಗ್ಗಿಸಿ, ಎರಡು ಕಾಲಿನ ಮೇಲೆ ಒಳಗೆ ನಡೆದು ಹೋಗಿ ತೊಟ್ಟಿಲ ಹಗ್ಗ ಹಿಡಿದರು.

ಆಮೇಲೆ ನನ್ನ ಸೇವೆಯಲ್ಲಿ ಎಷ್ಟೋ ಬಗೆಯ ಡ್ರೆಸಿಂಗುಗಳು ಬಂದುಹೋದವು. ಎಲ್ಲ ಒಳ್ಳೆಯವೇ. ಪೊರೆಯ ಗುಣವನ್ನು ನಾನು ಮೊದಲೇ ಓದಿ ತಿಳಿದಿದ್ದೆ. ಮನುಷ್ಯನ ಮೈಯಿಂದ ಬಂದದ್ದಕ್ಕೆ ಒಂದು ಮನೆಯಿರುತ್ತದೆ, ಆ ಮನೆಯವರನ್ನು ಕೇಳಿ ತೆಗೆದುಕೊಂಡರೆ ಅದರ ಬೆನ್ನಿಗೇ ಅವರೂ ಬಂದು ರೋಗಿಯನ್ನು ಕಾಯುತ್ತಾರೆ ಎಂಬುದನ್ನು ಕಲಿತದ್ದು ಚಿತ್ತಾಪುರದಲ್ಲಿ. ಗಾಯವನ್ನು ಮುಚ್ಚಿದ್ದು ಪೊರೆ. ಕಾಲನ್ನು ಉಳಿಸಿದ್ದರಲ್ಲಿ ನೀಲಮ್ಮನ ಬೈಗುಳದ ಪಾಲೆಷ್ಟು ಎಂದು ವೈದ್ಯಶಾಸ್ತ್ರ ಇನ್ನೂ ಲೆಕ್ಕ ಹಾಕಬೇಕಾಗಿದೆ.